ಅಳಲೆ, ತಾರೆ, ನೆಲ್ಲಿ: ಮಧುಗಿರಿ ಸೀಮೆಯ ಔಷಧಫಲಗಳ ಹೆಸರೂ ಗುಣವೂ

ಕನ್ನಡದಲ್ಲಿ ಅರೆಬರೆ ಓದಿದ ವೈದ್ಯನಿಗೆ ‘ಅಳಲೆಕಾಯಿ ಪಂಡಿತ’ನೆಂಬ ಬಿರುದು ಬಹುಕಾಲದಿಂದ ಸಲ್ಲುತ್ತ ಬಂದಿದೆ. ಯಾವ ರೋಗಿ ಬಂದರೂ ಅಳಲೆಕಾಯಿಯೊಂದನ್ನೇ ತೇಯ್ದು ಕೊಡುವವನು ಎಂಬುದು ಇದರ ಭಾವ. ಪರಿಹಾಸಕ್ಕಾಗಿ ಹುಟ್ಟಿದ ಮಾತಾದರೂ ಇದರಲ್ಲಿ ಒಂದು ಚರಿತ್ರಾಂಶ ಅಡಗಿದೆ. ಊರೂರಿನಲ್ಲಿಯೂ ಸುಲಭವಾಗಿ ದೊರೆತು, ಮನೆಮನೆಯಲ್ಲಿಯೂ ಬಳಕೆಯಲ್ಲಿದ್ದು, ಎಲ್ಲರಿಗೂ ಗುರುತಿದ್ದ ವಸ್ತುವಿನ ಹೆಸರಲ್ಲದೆ ಬೇರೊಂದು ಹೆಸರು ಇಂತಹ ಮಾತಿಗೆ ಒದಗಲಾರದು. ಇಂದು ಆ ಬಿರುದು ಉಳಿದಿದೆ. ಅಳಲೆಕಾಯಿಯನ್ನು ಕಂಡು ಇದೇ ಅದು ಎಂದು ಹೇಳಬಲ್ಲವರು ಪಟ್ಟಣಗಳ ವಿದ್ಯಾವಂತರಲ್ಲಿ ವಿರಳರಾಗಿದ್ದಾರೆ.

ಅಳಲೆ, ತಾರೆ, ನೆಲ್ಲಿ ಎಂಬ ಮೂರರ ಸಮುದಾಯಕ್ಕೆ ತ್ರಿಫಲಾ ಎಂದು ಹೆಸರು. ಇವು ಶರೀರವನ್ನು ರಕ್ಷಿಸುವುವೆಂದು ವೈದ್ಯಶಾಸ್ತ್ರವು ಪ್ರಾಚೀನಕಾಲದಿಂದಲೂ ಹೇಳುತ್ತಿದೆ. ಇವುಗಳಲ್ಲಿ ಕೆಲವು ವಿಶಿಷ್ಟ ದ್ರವ್ಯಗಳಿವೆಯೆಂದೂ ಅವು ಜೀವಕೋಶಗಳ ಮೇಲೆ ಪರಿಣಾಮವನ್ನುಂಟುಮಾಡಬಲ್ಲವೆಂದೂ ಈಚಿನ ರಸಾಯನಶಾಸ್ತ್ರಜ್ಞರು ಹೇಳುತ್ತಿದ್ದಾರೆ. ಈ ಎರಡು ಮಾತುಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು, ಪೂರ್ವಿಕರಿಗೆ ಎಲ್ಲವೂ ತಿಳಿದಿದ್ದಿತೆಂದು ಹಿಗ್ಗುವವರು ಉಂಟು; ಪೂರ್ವಿಕರ ಮಾತೆಲ್ಲವೂ ಭ್ರಾಂತಿಯೆಂದು ತಳ್ಳುವವರೂ ಉಂಟು. ಇಬ್ಬರೂ ಒಂದು ಮೆಟ್ಟಲನ್ನು ಹಾರಿದ್ದಾರೆ. ಗ್ರಂಥದಲ್ಲಿರುವ ಹೆಸರು ಯಾವ ಮರಕ್ಕೆ ಸಲ್ಲತಕ್ಕದ್ದೆಂಬುದು ನಿಶ್ಚಯವಾದ ಹೊರತು ಅದರ ಗುಣವನ್ನು ಒಪ್ಪುವುದಾಗಲಿ ಅಲ್ಲಗಳೆಯುವುದಾಗಲಿ ಸಾಧ್ಯವಿಲ್ಲ. ಈ ನಿರ್ಣಯವು ಮೊದಲು ಭಾಷಾಜ್ಞರ ಕಾರ್ಯ, ಅನಂತರ ರಸಾಯನಜ್ಞರ ಕಾರ್ಯ. ಮೂರು ಭಾಷೆಗಳು ಕೂಡುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸೀಮೆ ಇಂತಹ ಪರಿಶೀಲನೆಗೆ ಬಹಳ ಅನುಕೂಲವಾದದ್ದು.

೧

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಹಬ್ಬಿರುವ ಈ ಸೀಮೆ ಮಳೆ ಕಡಮೆಯಾದ ಬಯಲುನಾಡು. ನಡುನಡುವೆ ಹೆಬ್ಬಂಡೆಯ ಬೆಟ್ಟಗಳೂ ಕುರುಚಲು ಕಾಡುಗಳೂ ಇವೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ ಮಧುಗಿರಿಗಳ ಮೂಲಕ ಹರಿದು ಉತ್ತರಪಿನಾಕಿನಿಯನ್ನು ಸೇರುತ್ತದೆ. ಮಧುಗಿರಿಯ ಏಕಶಿಲಾದುರ್ಗ, ಕೊರಟಗೆರೆಯ ಕಡೆಯ ಚನ್ನರಾಯನದುರ್ಗ ಮತ್ತು ಸಿದ್ಧರಬೆಟ್ಟ, ಪಾವಗಡದ ಕಡೆಯ ನಿಡುಗಲ್ಲು ಇವು ಹೆಸರಾದ ಬೆಟ್ಟಗಳು. ಇವುಗಳಲ್ಲಿ ಸಿದ್ಧರಬೆಟ್ಟಕ್ಕೆ ಮೂಲಿಕೆಗಳ ಬೆಟ್ಟವೆಂಬ ಖ್ಯಾತಿಯುಂಟು.

ಮಧುಗಿರಿಯ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ರೈಸರ ಮೈಸೂರು ಗ್ಯಾಸೆಟಿಯರಿನಲ್ಲಿ ಈ ಊರು ‘ಮದ್ದಗಿರಿ’ಯೆಂದೇ ಕಾಣುತ್ತದೆ. ಔಷಧಿಗಳ ಪ್ರಸ್ತಾಪ ಬಂದೊಡನೆ ಇದನ್ನು ‘ಮದ್ದಿನ ಗಿರಿ’ಯೆಂದು ಒಡೆದು ತೋರಿಸುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ‘ಮದ್ದು’ ಎಂಬುದಕ್ಕೆ ಸಿಡಿಮದ್ದೆಂಬ ಅರ್ಥವೂ ಇದೆ. ಕೋಟೆಯ ಊರಿಗೆ ಅದೂ ಹೊಂದಬಹುದು. ಜೇನುಬೆಟ್ಟವೆಂಬ ಮೂರನೆಯ ಅರ್ಥವು ಈಗಿನ ಹೆಸರಿನಲ್ಲಿಯೇ ಇದೆ. ಮೂರೂ ಹೊಂದುವ ವ್ಯುತ್ಪತ್ತಿಯಿಂದ ಒಂದೂ ಸಿದ್ಧಿಸುವುದಿಲ್ಲ. ಶಾಸನಾಧಾರವಿಲ್ಲದೆ ಇಂತಹ ವ್ಯುತ್ಪತ್ತಿಯ ಮೇಲೆ ಚರಿತ್ರೆಯನ್ನು ಕಟ್ಟುವುದು ಯುಕ್ತವಲ್ಲ.

ಸಿರಾ ಪಟ್ಟಣವು ೧೬೮೭ರಲ್ಲಿ ಮೊಗಲರ ಸುಬಾ ಒಂದರ ರಾಜಧಾನಿಯಾಯಿತು. ಅಲ್ಲಿಯ ತೋಟಗಳು ಎಷ್ಟು ಪ್ರಸಿದ್ಧವಾಗಿದ್ದುವೆಂದರೆ ಹೈದರಾಲಿ ೧೭೬೦ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದಾಗ ಸಿರಾದ ತೋಟದ ಮಾದರಿಯನ್ನೇ ಅನುಸರಿಸಿದನೆಂದು ಪ್ರತೀತಿಯಿದೆ. ಮೊಗಲರ ಅಧಿಕಾರಿಗಳೊಡನೆ ದಖನಿ ಮಾತೂ ಯೂನಾನಿ ವೈದ್ಯದ ಪರಿಭಾಷೆಯೂ ಈ ಪ್ರಾಂತದಲ್ಲಿ ನೆಲಸಲು ಅವಕಾಶವಾಯಿತೆಂದು ಊಹಿಸಬಹುದು. ಪಾವಗಡವಾದರೋ ಬಹುತೇಕ ಎಲ್ಲ ಕಡೆಗಳಲ್ಲಿಯೂ ಆಂಧ್ರದೇಶದಿಂದ ಸುತ್ತುವರಿಯಲ್ಪಟ್ಟಿರುವ ತಾಲ್ಲೂಕು. ಅಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಹೀಗಾಗಿ ಕೊರಟಗೆರೆಯಲ್ಲಿ ಅಳಲೆಯೆನಿಸುವುದು ಪಾವಗಡದ ತೆಲುಗರಿಗೆ ಕರಕ್ಕಾಯ. ಯೂನಾನಿ ಹಕೀಮರಿಗೆ ಹಲೀಲ. ತಾರೆ ತೆಲುಗಿನಲ್ಲಿ ತಾಂಡ್ರ ಅಥವಾ ತಾನಿ, ಹಕೀಮರಿಗೆ ಬಲೀಲ. ನೆಲ್ಲಿ ತೆಲುಗಿನಲ್ಲಿ ಉಸಿರಿಕ, ಹಕೀಮರಿಗೆ ಆಮಲ.

ಹಕೀಮರ ಹೆಸರುಗಳು ಪರದೇಶದವಾಗಿ ತೋರಿದರೂ ಹರೀತಕೀ, ಬಿಭೀತಕ, ಆಮಲಕ ಎಂಬ ಸಂಸ್ಕೃತಶಬ್ದಗಳೇ ಪಾರಸೀಕರ ನಾಲಿಗೆಯಲ್ಲಿ ಸವೆದು ತಿರುಗಿ ಬಂದವು. ಅವರ ‘ಇತ್ರೀಫಲ್’ ಎಂಬ ಲೇಹ್ಯದ ಹೆಸರಿನಲ್ಲಿ ತ್ರಿಫಲಾಶಬ್ದವು ಸ್ವಲ್ಪ ವೇಷ ಬದಲಿಸಿ ನಿಂತಿದೆ. ಈ ಶಬ್ದಗಳು ಅರಬರ ಮೂಲಕ ಯೂರೋಪಿಗೂ ಹೋದುವು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ಟ ೧೫೬೩ರಲ್ಲಿ ಅಚ್ಚುಮಾಡಿಸಿದ ಗ್ರಂಥದಲ್ಲಿ ಈ ಫಲಗಳ ಮೇಲೆಯೇ ಒಂದು ಸಂವಾದವಿದೆ. ಸಸ್ಯಶಾಸ್ತ್ರಜ್ಞರ ‘ಎಂಬ್ಲಿಕ’ ಎಂಬ ಹೆಸರು ಆಮಲಕದಿಂದಲೂ ‘ಬೆಲ್ಲಿರಿಕ’ ಎಂಬುದು ಬಲೀಲದಿಂದಲೂ ಬಂದವು. ಅಳಲೆಯ ‘ಚೆಬುಲ’ ಎಂಬ ಹೆಸರಿಗೆ ಮಾತ್ರ ಕಾಬೂಲ್ ಪಟ್ಟಣವೇ ಮೂಲ. ವರ್ತಕರು ಯಾವ ದಾರಿಯಿಂದ ತಂದರೋ ಆ ದಾರಿಯ ಹೆಸರು ಕಾಯಿಗೆ ಅಂಟಿಕೊಂಡಿತು.

೨

ಕನ್ನಡದಲ್ಲಿ ವೈದ್ಯವಾಙ್ಮಯವು ಕಡಮೆಯಾದುದಲ್ಲ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ ಇವು ಒಂದೆಡೆ ಸೇರಿವೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರದೆಂದು ಪ್ರಸಿದ್ಧವಾದ ಕಲ್ಯಾಣಕಾರಕವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಬರೆದನು; ಇದು ಮದರಾಸು ವಿಶ್ವವಿದ್ಯಾನಿಲಯದಿಂದ ೧೯೪೨ರಲ್ಲಿ ಪ್ರಕಟವಾಯಿತು. ಇವರಲ್ಲಿ ಸೋಮನಾಥನೂ ಮಂಗರಾಜನೂ ಜೈನರು. ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದ ಉಗ್ರಾದಿತ್ಯನೂ ಜೈನನೇ. ಮಾಂಸವನ್ನು ಔಷಧವಾಗಿಯೂ ಬಳಸಬಾರದೆಂದು ಅವನು ವಾದಿಸಿದ್ದಾನೆ.

ಮಾಂಸ, ಮದ್ಯ, ಮಧುಗಳು ಜೈನರಿಗೆ ನಿಷಿದ್ಧ. ಈ ಮೂರನ್ನೂ ತೆಗೆದ ವೈದ್ಯನ ಕೈಯಲ್ಲಿ ಉಳಿಯುವುದು ಬೇರು, ತೊಗಟೆ, ಎಲೆ, ಹೂವು, ಫಲ ಮತ್ತು ಖನಿಜ. ಆದಕಾರಣ ಕನ್ನಡ ವೈದ್ಯಪರಂಪರೆಯಲ್ಲಿ ಫಲಗಳಿಗೆ ದೊರೆತ ಪ್ರಾಶಸ್ತ್ಯಕ್ಕೆ ಧರ್ಮವೂ ಒಂದು ಕಾರಣವೆಂದು ಎಣಿಸಿದರೆ ತಪ್ಪಾಗಲಾರದು. ನಿಡುಗಲ್ಲಿನಲ್ಲಿ ಚೋಳವಂಶದ ಮಾಂಡಲಿಕರ ಕಾಲದಲ್ಲಿ, ಹದಿಮೂರನೆಯ ಶತಮಾನದಲ್ಲಿ, ಜೈನ ಬಸದಿಯು ಕಟ್ಟಲ್ಪಟ್ಟುದಕ್ಕೆ ಶಾಸನವಿದೆ, ಮಧುಗಿರಿಯಲ್ಲಿಯೂ ಬಸದಿಯುಂಟು. ಇದರಿಂದ ಮೇಲ್ಕಂಡ ಗ್ರಂಥಗಳಲ್ಲಿ ಯಾವುದಾದರೂ ಈ ಸೀಮೆಯಲ್ಲಿಯೇ ಹುಟ್ಟಿತೆಂದು ಹೇಳಲಾಗದು. ಅವನ್ನು ಓದಿ ಪ್ರಯೋಗಿಸಬಲ್ಲ ಸಮುದಾಯವು ಇಲ್ಲಿ ಇದ್ದಿತೆಂದು ಮಾತ್ರ ಹೇಳಬಹುದು.

ಇಂತಹ ಗ್ರಂಥಗಳನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಎದುರಾಗುವ ತೊಡಕು ಛಂದಸ್ಸಿನದಲ್ಲ, ವ್ಯಾಕರಣದ್ದೂ ಅಲ್ಲ; ಮರಗಳ ಹೆಸರಿನದು. ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ.

ಭಲ್ಲಾತಕವೆಂಬ ಸಂಸ್ಕೃತಶಬ್ದಕ್ಕೆ ಕನ್ನಡದಲ್ಲಿ ಗೇರು ಎಂದು ಅರ್ಥ. ಈಗಿನ ವಿದ್ಯಾರ್ಥಿಗೆ ಗೇರು ಎಂದರೆ ಗೋಡಂಬಿ. ಪಾಯಸಕ್ಕೆ ಹಾಕುವ ಬೀಜ. ಆದರೆ ಗೋಡಂಬಿಯ ಮರವು ಬ್ರೆಜಿಲ್ ದೇಶದ್ದು. ಪೋರ್ಚುಗೀಸರು ಅದನ್ನು ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಹನ್ನೆರಡನೆಯ ಶತಮಾನದ ಸೋಮನಾಥನಾಗಲಿ ಹದಿನಾಲ್ಕನೆಯ ಶತಮಾನದ ಮಂಗರಾಜನಾಗಲಿ ಅದನ್ನು ಕಂಡಿರಲು ಶಕ್ಯವಿಲ್ಲ. ಅವರ ಕಾಲದ ಗೇರು ಕಾಡಿನ ಗೇರು, ಮಡಿವಾಳರು ಬಟ್ಟೆಗೆ ಗುರುತು ಹಾಕಲು ಉಪಯೋಗಿಸುತ್ತಿದ್ದ ಕರಿಯ ಕಾಯಿ. ಅದರ ಸಿಪ್ಪೆಯ ರಸ ಮೈಗೆ ತಗುಲಿದರೆ ಬೊಬ್ಬೆಯೆದ್ದು ಹುಣ್ಣಾಗುತ್ತದೆ. ಅಮರಸಿಂಹನು ಇದಕ್ಕೆ ಕೊಟ್ಟಿರುವ ಪರ್ಯಾಯಗಳಲ್ಲಿ ‘ಅರುಷ್ಕರ’ ಎಂದರೆ ಹುಣ್ಣುಮಾಡುವುದು. ‘ಅಗ್ನಿಮುಖೀ’ ಎಂದರೆ ಬೆಂಕಿಯ ಮೋರೆಯುಳ್ಳದ್ದು. ಚರಕಸಂಹಿತೆಯ ರಸಾಯನಾಧ್ಯಾಯದಲ್ಲಿ ಭಲ್ಲಾತಕದ ಯೋಗಗಳು ಹೇಳಲ್ಪಟ್ಟಿವೆ. ಆದರೆ ಶೋಧನಕ್ರಮವನ್ನರಿಯದೆ ಅದನ್ನು ಮುಟ್ಟತಕ್ಕದ್ದಲ್ಲವೆಂಬುದು ವೈದ್ಯರ ನಿಯಮ. ಈ ಕಾಯಿಯ ರಸದಲ್ಲಿ ಚರ್ಮವನ್ನು ಕೆರಳಿಸುವ ಫೀನಾಲ್ ಜಾತಿಯ ದ್ರವ್ಯಗಳಿವೆಯೆಂದು ರಸಾಯನಜ್ಞರೂ ತೋರಿಸಿದ್ದಾರೆ.

ಈ ಹೆಸರು ಜಾರಿದುದು ಕನ್ನಡದಲ್ಲಿ ಮಾತ್ರವಲ್ಲ. ತೆಲುಗಿನ ಜೀಡಿ ಮೊದಲು ಕಾಡುಗೇರಿನ ಹೆಸರು. ಗೋಡಂಬಿ ಬಂದಾಗ ಅದನ್ನು ಜೀಡಿಮಾಮಿಡಿ ಎಂದರು. ಈಗ ಜೀಡಿಪಪ್ಪು ಎಂದರೆ ಗೋಡಂಬಿಯೇ. ಲ್ಯಾಟಿನ್ ಭಾಷೆಯಲ್ಲಿಯೂ ‘ಅನಕಾರ್ಡಿಯಂ’ ಎಂಬುದು ಮೊದಲು ಭಲ್ಲಾತಕಕ್ಕಿದ್ದ ಹೆಸರು. ಬಳಿಕ ಅದು ಗೋಡಂಬಿಯ ಕುಲನಾಮವಾಯಿತು. ಮೂರು ಭಾಷೆಗಳಲ್ಲಿ ಒಂದೇ ಬಗೆಯ ಅರ್ಥಸಂಕ್ರಮ ನಡೆದಿರುವುದು ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಗಮನಿಸತಕ್ಕ ವಿಷಯ. ಪದ್ಯದ ಕೆಳಗೆ ‘ಗೇರು = ಗೋಡಂಬಿ’ ಎಂದು ಟಿಪ್ಪಣಿ ಬರೆದರೆ ಅದು ಕೇವಲ ಅಚ್ಚಿನ ದೋಷವೆಂದು ಬಿಡುವಂತಿಲ್ಲ. ಅದನ್ನು ನಂಬಿ ಅಂಗಡಿಯಿಂದ ಭಲ್ಲಾತಕವನ್ನು ತರಿಸಿ ಗೋಡಂಬಿಯಂತೆ ತಿಂದವನ ಗತಿಯೇನು?

ಬೇಲದ ವಿಷಯವೂ ಹೀಗೆಯೇ. ಕನ್ನಡದ ಬೇಲ ಸಂಸ್ಕೃತದ ಕಪಿತ್ಥ, ತೆಲುಗಿನ ವೆಲಗ; ಹಿಂದೀ ಮತ್ತು ಬಂಗಾಳಿಗಳ ‘ಬೇಲ್’ ಆದರೋ ಬಿಲ್ವ, ತೆಲುಗಿನ ಮಾರೇಡು. ಉತ್ತರದೇಶದ ಭಾಷೆಗಳಿಂದ ಅನುವಾದಮಾಡುವವರು ಧ್ವನಿಸಾಮ್ಯವನ್ನು ನಂಬಿ ಬಿಲ್ವದ ಗುಣಗಳನ್ನೆಲ್ಲ ಬೇಲದ ಮೇಲೆ ಹೊರಿಸುವುದುಂಟು. ಗಣಪತಿಗೆ ಪ್ರಿಯವಾದ ಕಪಿತ್ಥವೂ ಶಿವನಿಗೆ ಪ್ರಿಯವಾದ ಬಿಲ್ವವೂ ಒಂದೇ ಮರವಲ್ಲವೆಂಬುದು ಪೂಜೆಮಾಡುವವರಿಗೆ ಗೊತ್ತು. ಅನುವಾದಕರು ಅವರನ್ನು ಕೇಳಬಹುದಾಗಿತ್ತು.

ನೆಲ್ಲಿಯೂ ಒಂದಲ್ಲ. ಬೆಟ್ಟದ ನೆಲ್ಲಿ ಆಮಲಕ. ಹಿತ್ತಲಿನಲ್ಲಿ ಬೆಳೆಯುವ ಹುಳಿಯಾದ ಅರನೆಲ್ಲಿ ಬೇರೆ ಮರ. ಕಾಮಾಲೆಗೆ ಹಳ್ಳಿಯವರು ಅರೆದು ಕೊಡುವ ನೆಲನೆಲ್ಲಿ ಒಂದು ಸಣ್ಣ ಗಿಡ. ಇಷ್ಟೇ ಅಲ್ಲದೆ ದಖನ್ನಿನ ಒಣಬೆಟ್ಟಗಳಲ್ಲಿ ಬೆಟ್ಟದ ನೆಲ್ಲಿಯಂತೆಯೇ ತೋರುವ ಇನ್ನೊಂದು ಜಾತಿಯಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಫಿಲ್ಲಾಂಥಸ್ ಇಂಡೋಫಿಶೆರಿ ಎಂದು ಪ್ರತ್ಯೇಕಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎರಡು ಬಗೆಯ ಕಾಯಿಯನ್ನೂ ಆಯ್ದು ತರುತ್ತಾರೆ. ಎರಡಕ್ಕೂ ಭೇದವನ್ನು ಬಲ್ಲರು. ಪ್ರಯೋಗಾಲಯಕ್ಕೆ ‘ನೆಲ್ಲಿ’ಯೆಂದು ಹೋದ ಕಾಯಿ ಇವುಗಳಲ್ಲಿ ಯಾವುದೆಂದು ಮೊದಲು ಕೇಳಬೇಕು.

ಇದಕ್ಕೆ ವಿಪರ್ಯಯವಾದ ಸಂಗತಿಯೂ ಉಂಟು. ಸೀತಾಫಲದ ಗಿಡವು ಈ ಸೀಮೆಯ ಗುಡ್ಡಗಳ ಮೇಲೆ ತಾನಾಗಿಯೇ ಬೆಳೆಯುತ್ತದೆ. ಹೆಸರಿನಲ್ಲಿ ಸೀತೆಯೇ ಇದ್ದಾಳೆ. ಆದರೂ ಅದು ಅಮೆರಿಕಾಖಂಡದಿಂದ ಬಂದದ್ದು. ಹೆಸರಿನ ಪ್ರಾಚೀನತೆಯಿಂದ ಗಿಡದ ಪ್ರಾಚೀನತೆಯನ್ನು ಸಾಧಿಸಲಾಗದು.

೩

ಈಗ ಗುಣವಿಚಾರ. ಇದರಲ್ಲಿಯೂ ಹೆಸರುಗಳೇ ಮೊದಲ ಸಾಕ್ಷಿ. ಅಮರಕೋಶದ ವನೌಷಧಿವರ್ಗದಲ್ಲಿ ಅಳಲೆಗೆ ಅಭಯಾ, ಅವ್ಯಥಾ, ಪಥ್ಯಾ, ಕಾಯಸ್ಥಾ ಎಂಬ ಹೆಸರುಗಳಿವೆ. ಭಯವಿಲ್ಲದಂತೆ ಮಾಡುವುದು, ನೋವಿಲ್ಲದಂತೆ ಮಾಡುವುದು, ಹಿತವಾದದ್ದು, ಕಾಯವನ್ನು ನಿಲ್ಲಿಸುವುದು. ನೆಲ್ಲಿಗೆ ವಯಸ್ಥಾ ಎಂದು ಹೆಸರು. ಪ್ರಾಯವನ್ನು ಜಾರಗೊಡದೆ ನಿಲ್ಲಿಸುವುದು. ಚರಕನು ವಯಃಸ್ಥಾಪನದ್ರವ್ಯಗಳಲ್ಲಿ ಆಮಲಕವೂ ಪಥ್ಯಗಳಲ್ಲಿ ಹರೀತಕಿಯೂ ಶ್ರೇಷ್ಠವೆಂದು ಹೇಳಿ, ಚಿಕಿತ್ಸಾಸ್ಥಾನದ ಮೊದಲ ಪಾದಕ್ಕೆ ಅಭಯಾಮಲಕೀಯವೆಂದೇ ಹೆಸರಿಟ್ಟಿದ್ದಾನೆ. ತಾರೆಯ ಹಣೆಬರಹ ಮಾತ್ರ ಬೇರೆ. ಅದು ಕಲಿದ್ರುಮ, ಭೂತಾವಾಸ. ಋಗ್ವೇದಕಾಲದ ಜೂಜುಗಾರರ ದಾಳಗಳು ಇದರ ಕಾಯಿಗಳೇ. ಮಹಾಭಾರತದ ನಲೋಪಾಖ್ಯಾನದಲ್ಲಿ ಋತುಪರ್ಣನು ಎಣಿಸಿದ್ದು ಈ ಮರದ ಎಲೆ ಕಾಯಿಗಳನ್ನು, ನಲನನ್ನು ಬಿಟ್ಟ ಕಲಿ ಹೊಕ್ಕದ್ದು ಈ ಮರವನ್ನು. ಕುಖ್ಯಾತಿಯುಳ್ಳ ಮರದ ಕಾಯಿಯನ್ನೂ ಬಿಡದೆ ತ್ರಿಫಲೆಗೆ ಸೇರಿಸಿದ ವೈದ್ಯರು ಪುರಾಣಕ್ಕಿಂತ ಅನುಭವವನ್ನು ನೆಚ್ಚಿದ್ದರೆಂದು ಹೇಳಬೇಕು.

ಆ ಅನುಭವಕ್ಕೆ ಉಪಕರಣವಾಗಿದ್ದುದು ನಾಲಿಗೆ. ಅಳಲೆಯಲ್ಲಿ ಲವಣವೊಂದನ್ನುಳಿದು ಐದು ರಸಗಳಿವೆ, ಕಷಾಯರಸ ಪ್ರಧಾನ, ನೆಲ್ಲಿಯಲ್ಲಿಯೂ ಲವಣವನ್ನುಳಿದು ಐದು, ಆಮ್ಲ ಪ್ರಧಾನ, ತಾರೆ ಕಷಾಯ. ಕಷಾಯವೆಂದರೆ ಕನ್ನಡದ ಒಗರು. (ಬೆಟ್ಟದ ನೆಲ್ಲಿಯೊಡನೆ ಕಡಲಿನ ಉಪ್ಪನ್ನು ಜೋಡಿಸಿ ಹೇಳುವ ರೂಢಿ ಕನ್ನಡದಲ್ಲಿ ಹಳೆಯದು. ನೆಲ್ಲಿಯಲ್ಲಿ ಇಲ್ಲದ ಆರನೆಯ ರಸ ಲವಣವೊಂದೇ ಆಗಿರುವುದರಿಂದ ಈ ಜೋಡಣೆಯಿಂದ ಷಡ್ರಸವೂ ಪೂರ್ಣವಾಗುತ್ತದೆ. ಇದು ಆಕಸ್ಮಿಕವಿರಬಹುದು, ಆದರೂ ಸ್ವಾರಸ್ಯವಾದ ಆಕಸ್ಮಿಕ.) ಒಗರಾದ ಕಾಯನ್ನು ಕಚ್ಚಿದಾಗ ಬಾಯಿ ಬಿಗಿದು ಒಣಗಿದಂತಾಗುವುದಕ್ಕೆ ಕಾರಣ ಟ್ಯಾನಿನ್ ಎಂಬ ವರ್ಗದ ದ್ರವ್ಯಗಳು. ಅವು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಟ್ಟಿಮಾಡುತ್ತವೆ. ತೊಗಲನ್ನು ಹದಮಾಡುವುದೂ ಇದೇ ಗುಣ. ಅಳಲೆಕಾಯಿ ತೊಗಲಿನ ಕೈಗಾರಿಕೆಗೆ ಬಹುಕಾಲದಿಂದ ಬೇಕಾದ ಪದಾರ್ಥ. ಆದುದರಿಂದ ಗ್ರಂಥಗಳು ಕಷಾಯರಸವೆಂದು ಹೇಳಿದ ಕಡೆ ರಸಾಯನಜ್ಞನು ಟ್ಯಾನಿನ್ನನ್ನು ಹುಡುಕಿದರೆ ಹೆಚ್ಚಾಗಿ ನಿರಾಶನಾಗುವುದಿಲ್ಲ. ಅಳಲೆಯಲ್ಲಿ ಚೆಬುಲಿನಿಕ್ ಆಮ್ಲ, ಚೆಬುಲಾಜಿಕ್ ಆಮ್ಲ ಎಂಬ ಟ್ಯಾನಿನ್ನುಗಳೂ ಮೂರು ಫಲಗಳಲ್ಲಿಯೂ ಗ್ಯಾಲಿಕ್ ಆಮ್ಲ, ಎಲ್ಲಾಜಿಕ್ ಆಮ್ಲಗಳೂ ದೊರೆತಿವೆ. ಎಲ್ಲಾಜಿಕ್ ಎಂಬ ಹೆಸರಿನ ಹುಟ್ಟು ನಿಘಂಟುಕಾರರಿಗೆ ವಿನೋದವನ್ನುಂಟುಮಾಡೀತು. ಫ್ರೆಂಚ್ ರಸಾಯನಜ್ಞ ಬ್ರಾಕೊನೊ ಮಾಚಿಕಾಯಿಯಲ್ಲಿ ಈ ಆಮ್ಲವನ್ನು ಕಂಡು, ಮಾಚಿಕಾಯಿಗಿದ್ದ ‘ಗಾಲ್’ ಎಂಬ ಫ್ರೆಂಚ್ ಶಬ್ದದ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಹೊಸ ಹೆಸರನ್ನು ಮಾಡಿದನು. ನಮ್ಮ ಚಿತ್ರಕವಿಗಳು ಕೇಳಿದ್ದರೆ ತಲೆದೂಗುತ್ತಿದ್ದರು.

ಅಳಲೆಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿದರೆ ಕಪ್ಪು ಮಸಿಯಾಗುತ್ತದೆಂಬುದು ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ತಿಳಿದ ವಿಷಯ. ಟ್ಯಾನಿನ್ನು ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವುದೇ ಇದಕ್ಕೆ ಕಾರಣ. ಮಸಿಗೆ ಗುಣವಾದದ್ದು ಹೊಟ್ಟೆಯಲ್ಲಿ ದೋಷವಾಗಲೂಬಹುದು. ಊಟದೊಡನೆ ಟ್ಯಾನಿನ್ ಹೆಚ್ಚಾಗಿ ಸೇರಿದರೆ ಆಹಾರದಲ್ಲಿರುವ ಕಬ್ಬಿಣವು ದೇಹಕ್ಕೆ ದೊರೆಯುವುದು ಕಡಮೆಯಾಗುತ್ತದೆ. ರಕ್ತಹೀನತೆಯುಳ್ಳವರು ಇದನ್ನು ಎಣಿಸಬೇಕು. ಫಲಗಳ ರಕ್ಷಕಗುಣವನ್ನು ವರ್ಣಿಸುವವರಲ್ಲಿ ಈ ಸಂಗತಿಯನ್ನು ಹೇಳುವವರು ಕಡಮೆ.

ನೆಲ್ಲಿಯ ಚರಿತ್ರೆ ಇನ್ನೂ ಬೋಧಪ್ರದವಾಗಿದೆ. ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ೧೯೨೮ರಲ್ಲಿ ಬೇರ್ಪಡಿಸಿದ ಆಸ್ಕಾರ್ಬಿಕ್ ಆಮ್ಲವೇ ಸಿ ಜೀವಸತ್ತ್ವವೆಂದು ಮುಂದೆ ಸಿದ್ಧವಾಯಿತು. ಅದು ಇಲ್ಲದಿದ್ದರೆ ವಸಡುಗಳಿಂದ ರಕ್ತ ಸುರಿಯುವ ಸ್ಕರ್ವಿ ರೋಗ ಬರುತ್ತದೆ. ಈ ಜೀವಸತ್ತ್ವವು ಸಾಮಾನ್ಯವಾಗಿ ಗಾಳಿಗೂ ಕಾವಿಗೂ ಬೇಗ ನಾಶವಾಗುವ ವಸ್ತು. ಹಾಗಿದ್ದರೂ ನೆಲ್ಲಿಯ ರಸದಲ್ಲಿ ಅದು ಸ್ಥಿರವಾಗಿರುವುದೇಕೆಂಬ ಪ್ರಶ್ನೆಯನ್ನು ಮದರಾಸಿನಲ್ಲಿ ದಾಮೋದರನ್ ಮತ್ತು ನಾಯರ್ ಎಂಬ ರಸಾಯನಜ್ಞರು ಎತ್ತಿಕೊಂಡು, ನೆಲ್ಲಿಯಲ್ಲಿರುವ ಒಂದು ಟ್ಯಾನಿನ್ ಆಸ್ಕಾರ್ಬಿಕ್ ಆಮ್ಲವನ್ನು ಕಾಪಾಡುವುದೆಂದು ೧೯೩೬ರಲ್ಲಿ ಪ್ರಕಟಿಸಿದರು. ಫಲವು ದೇಹವನ್ನು ಕಾಯುವುದೆಂದು ಶಾಸ್ತ್ರ ಹೇಳಿತ್ತು. ಫಲದೊಳಗೇ ಒಂದು ದ್ರವ್ಯವು ಇನ್ನೊಂದನ್ನು ಕಾಯುತ್ತಿದೆಯೆಂದು ಇವರು ತೋರಿಸಿದರು. ಒಗರನ್ನೂ ಹುಳಿಯನ್ನೂ ಒಟ್ಟಿಗೆ ಹೇಳಿದ ರಸನಿರ್ದೇಶವು ಇಲ್ಲಿ ಅನಿರೀಕ್ಷಿತವಾದ ಸಮರ್ಥನೆಯನ್ನು ಪಡೆಯಿತು. ೧೯೩೯–೪೦ರಲ್ಲಿ ಪಂಜಾಬಿನ ಹಿಸ್ಸಾರ್ ಪ್ರಾಂತದಲ್ಲಿ ಕ್ಷಾಮ ಬಂದಾಗ ಸ್ಕರ್ವಿಯನ್ನು ನೆಲ್ಲಿಯಿಂದ ಗುಣಪಡಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ, ಆದರೆ ನಿಲ್ಲಿಸಲಾಗದು. ನೂರು ಗ್ರಾಂ ನೆಲ್ಲಿಯಲ್ಲಿ ೬೦೦ ಮಿಲಿಗ್ರಾಂ ಸಿ ಜೀವಸತ್ತ್ವವಿದೆಯೆಂದು ಅನೇಕ ದಶಕಗಳ ಕಾಲ ಕೋಷ್ಟಕಗಳಲ್ಲಿ ಅಚ್ಚಾಗುತ್ತಿತ್ತು. ಪಠ್ಯಪುಸ್ತಕಗಳೂ ಅದನ್ನೇ ಹೇಳಿದುವು. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆ ೨೦೧೭ರಲ್ಲಿ ಹೊರಡಿಸಿದ ಹೊಸ ಕೋಷ್ಟಕದಲ್ಲಿ ಅದು ಸುಮಾರು ೨೫೦. ಮಾಪನಕ್ರಮ, ತಳಿ, ನೆಲ ಇವುಗಳ ಭೇದದಿಂದ ಅಂಕಿ ಬದಲಾಗುವುದು ಸಹಜವೇ. ೨೫೦ ಕೂಡ ಕಿತ್ತಿಳೆಗಿಂತ ಅನೇಕ ಪಾಲು ಅಧಿಕ. ೧೯೯೬ರಲ್ಲಿ ನೆಲ್ಲಿಯಲ್ಲಿ ಎಂಬ್ಲಿಕಾನಿನ್ ಎಂಬ ಎರಡು ಹೊಸ ಟ್ಯಾನಿನ್ನುಗಳನ್ನು ವರ್ಣಿಸಿದರು. ಅವುಗಳ ವಿಷಯದಲ್ಲಿ ಬಳಿಕ ಬೇರೆ ರಸಾಯನಜ್ಞರು ಸಂಶಯವನ್ನೆತ್ತಿದ್ದಾರೆ. ಶಾಸ್ತ್ರವಾಕ್ಯಕ್ಕೆ ವಿಜ್ಞಾನದ ಸಾಕ್ಷ್ಯವನ್ನು ತರುವವರು ಆ ಸಾಕ್ಷ್ಯವೂ ಪರಿಷ್ಕಾರಗೊಳ್ಳುತ್ತ ಹೋಗುವುದೆಂಬುದನ್ನು ಮರೆಯಬಾರದು. ತ್ರಿಫಲೆಯ ಸಾರವು ಇಲಿಗಳ ಯಕೃತ್ತನ್ನು ವಿಷದಿಂದ ಕಾಪಾಡಿತೆಂದು ತೋರಿಸುವ ಪ್ರಯೋಗಗಳು ಬಹಳ; ಮನುಷ್ಯರಲ್ಲಿ ಕ್ರಮವಾಗಿ ನಡೆಸಿದ ಪರೀಕ್ಷೆಗಳು ಅವುಗಳಿಗೆ ಹೋಲಿಸಿದರೆ ಸ್ವಲ್ಪ. ಇಲಿಗೆ ಕೊಟ್ಟ ಪ್ರಮಾಣದಿಂದ ಮನುಷ್ಯನ ಫಲವನ್ನು ಊಹಿಸುವುದು ಅನುಮಾನಪ್ರಮಾಣದ ದುರುಪಯೋಗ. ವ್ಯಾಪ್ತಿಯು ಸಿದ್ಧವಾಗದೆ ಅನುಮಿತಿ ಹುಟ್ಟದೆಂಬುದು ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಗೊತ್ತು.

೪

ಪಾವಗಡದ ಕಡೆ ಈ ವಿಚಾರ ಪುಸ್ತಕವನ್ನು ಬಿಟ್ಟು ಬಾವಿಯ ಹತ್ತಿರಕ್ಕೆ ಬರುತ್ತದೆ. ಅಲ್ಲಿಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಧಿಕವಾಗಿದೆ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲುಗಳಲ್ಲಿ ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗಳು ಬಿಗಿದು ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ೧೯೩೭ರಲ್ಲಿ ವರ್ಣಿಸಿದರು.

ನೀರನ್ನು ಶುದ್ಧಿಮಾಡುವ ಫಲವೊಂದು ನಮ್ಮ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಅದು ಕತಕ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಚಿಲ್ಲ. ಇದರ ಬೀಜವನ್ನು ಗಡಿಗೆಯ ಒಳಮೈಗೆ ತೇಯ್ದು ಕೆಂಪುನೀರನ್ನು ಹೊಯ್ದಿಟ್ಟರೆ ಕಲಕು ತಳಕ್ಕಿಳಿಯುತ್ತದೆ. ವೇದಾಂತಿಗಳು ಅವಿದ್ಯೆಯನ್ನು ಕಳೆದು ತಾನೂ ಅಡಗುವ ಜ್ಞಾನಕ್ಕೆ ಇದನ್ನು ದೃಷ್ಟಾಂತವಾಗಿ ಹೇಳುವರು. ಬೀಜದಲ್ಲಿರುವ ಅಂಟಾದ ಶರ್ಕರಾಜಾತೀಯ ದ್ರವ್ಯಗಳೂ ಪ್ರೋಟೀನುಗಳೂ ಮಣ್ಣಿನ ಕಣಗಳನ್ನು ಕೂಡಿಸಿ ಭಾರಮಾಡುವುದರಿಂದ ಹೀಗಾಗುತ್ತದೆಂದು ಈಗ ತಿಳಿದಿದೆ. ಆದರೆ ಕೊಳವೆಬಾವಿಯ ತಿಳಿನೀರಿನಲ್ಲಿ ಕರಗಿರುವ ಫ್ಲೋರೈಡು ಕಣ್ಣಿಗೆ ಕಾಣುವ ಕಲಕಲ್ಲ. ಗಡಿಗೆಗೆ ತೇಯ್ದ ಚಿಲ್ಲದ ಬೀಜವನ್ನು ಅದಕ್ಕೆ ಪರಿಹಾರವೆಂದು ನಂಬಿ ಕೂರುವಂತಿಲ್ಲ. ಕತಕದ ಫಲವು ನೀರನ್ನು ತಿಳಿಮಾಡುವುದಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುವು ಯತಿಧರ್ಮದ ಪ್ರಸಂಗದಲ್ಲಿ ಹೇಳಿರುವುದು ಇಲ್ಲಿ ಬೇರೊಂದು ರೀತಿಯಲ್ಲಿ ಸ್ಮರಣೀಯವಾಗಿದೆ.

ಆ ಸೀಮೆಯಲ್ಲಿ ದಿನದಿನವೂ ಸಾರಿಗೆ ಬೀಳುವ ಹುಣಸೆಯ ವಿಷಯದಲ್ಲಿ ಪರೀಕ್ಷೆಯೇ ನಡೆದಿದೆ. ಹುಣಸೆಮರವು ಆಫ್ರಿಕದಿಂದ ಬಂದದ್ದೆಂದು ಸಸ್ಯಶಾಸ್ತ್ರಜ್ಞರ ಮತ. ಅರಬರು ಅದನ್ನು ‘ತಮರ್ ಹಿಂದೀ’, ಎಂದರೆ ಹಿಂದೂದೇಶದ ಖರ್ಜೂರವೆಂದು ಕರೆದರು. ಹೆಸರಿನಲ್ಲಿ ಮತ್ತೊಮ್ಮೆ ಮೂಲವೂ ದಾರಿಯೂ ಅದಲುಬದಲಾಗಿವೆ. ಹೈದರಾಬಾದಿನ ಪೋಷಣಸಂಸ್ಥೆಯವರು ವಿದ್ಯಾರ್ಥಿನಿಲಯವೊಂದರ ಬಾಲಕರಿಗೆ ದಿನವೂ ಮಧ್ಯಾಹ್ನದ ಊಟದೊಡನೆ ೧೦ ಗ್ರಾಂ ಹುಣಸೆಯನ್ನು ೧೮ ದಿನ ಕೊಟ್ಟು, ಅವರ ಮೂತ್ರವನ್ನು ಅಳೆದು ನೋಡಿ, ಫಲಿತಾಂಶವನ್ನು ೨೦೦೨ರಲ್ಲಿ ಪ್ರಕಟಿಸಿದರು. ಕೊನೆಯವರೆಗೆ ಉಳಿದ ೧೮ ಮಂದಿ ಬಾಲಕರಲ್ಲಿ ಫ್ಲೋರೈಡ್ ಹೊರಬೀಳುವುದು ಸ್ಪಷ್ಟವಾಗಿ ಹೆಚ್ಚಿತ್ತು. ಮೆಗ್ನೀಸಿಯಂ ಮತ್ತು ಸತುವು ಹೊರಬೀಳುವುದು ಕಡಮೆಯಾಗಿತ್ತು. ಬಾಲಕರ ಸಂಖ್ಯೆ ಅಲ್ಪ, ದಿನಗಳೂ ಅಲ್ಪ. ಹುಣಸೆಯ ಸಾರು ಶುದ್ಧವಾದ ನೀರಿಗೆ ಬದಲಾಗಲಾರದು; ಇಷ್ಟನ್ನು ಹೇಳಿಯೂ, ಅಳತೆಯಿಂದ ಸಿದ್ಧವಾದ ಆ ಸ್ವಲ್ಪವನ್ನು ನಿಘಂಟುಗಳಲ್ಲಿ ಹುಣಸೆಯ ಗುಣಗಳ ಪಕ್ಕದಲ್ಲಿ ಬರೆದಿಡಲು ಅಡ್ಡಿಯಿಲ್ಲ. ಹಾಗೆ ಬರೆಯುವವರು ತೆಲುಗಿನ ‘ಚಿಂತ’ ಎಂಬ ಹೆಸರನ್ನೂ ಜೊತೆಗೆ ಬರೆಯಬೇಕು. ಪಾವಗಡದ ಅನೇಕ ಹಳ್ಳಿಗಳಲ್ಲಿ ಆ ಮರಕ್ಕೆ ಅದೇ ಹೆಸರು.